ಹೆಲ್ಪರ್: ಪ್ರಣೀತಾ

ಮುಂಬಯಿ ಹೊರವಲಯದ ಠಾಕುರ್ಲಿಯ ಆ ಎರಡನೇ ಮಾಳಿಗೆಯ ಮನೆಯಲ್ಲಿ ಜಗಳ ಶುರುವಾದದ್ದು ನೀರುಳ್ಳಿ ಹೆಚ್ಚುವ ಹಲಗೆಯಿಂದ. ಹಲಗೆ ಎಂದರೆ ಮರದ್ದಲ್ಲ, ಬೆರಳು ದಪ್ಪದ ಬಿಳಿ ಪ್ಲಾಸ್ಟಿಕಿನದು. ಹೋಟೆಲಿನಲ್ಲಿ ಹಳತಾಯಿತೆಂದು ಬಿಸಾಡಿದ್ದನ್ನು ಶೇಖರ ಮನೆಗೆ ತಂದಿದ್ದ. ಅವನ ಹೆಂಡತಿ ಪ್ರಫುಲ್ಲಾ ಅದನ್ನು ಸೋಡಾಪುಡಿ ಹಾಕಿ ಉಜ್ಜಿ ಮೂರು ವರ್ಷ ಬಳಸಿದ್ದಳು. ಒಂದು ಶನಿವಾರ ಬೆಳಿಗ್ಗೆ ನೋಡಿದರೆ ಹಲಗೆ ಇಲ್ಲ.

"ಪ್ರಣೀ, ಬೋರ್ಡ್ ಎಲ್ಲಿ?"

"ಕಟ್ ಮಾಡಿದೆ ಅಮ್ಮಾ."

"ಎಂತ ಕಟ್ ಮಾಡಿದ್ದು?"

"ಬೋರ್ಡನ್ನೇ."

ಬಚ್ಚಲಿನಲ್ಲಿ ಹ್ಯಾಕ್‌ಸಾ ಬ್ಲೇಡು, ಪ್ಲಾಸ್ಟಿಕಿನ ಬಿಳಿ ಪುಡಿ, ನಾಲ್ಕು ತುಂಡು ಹಲಗೆ. ಪ್ರಫುಲ್ಲಾ ಸೊಂಟಕ್ಕೆ ಕೈಕೊಟ್ಟು ನಿಂತಳು. ಒಳಗಿನಿಂದ ಅವಳ ತಾಯಿ ಪುಷ್ಪಾವತಿ ಕೂಗಿ ಕೇಳಿದಳು, "ಎಂತ ಒಡೆದಳು ಆ ಹುಡುಗಿ?"

"ಒಡೆಯಲಿಲ್ಲ ಅಜ್ಜಿ. ಬನಾ ರಹೀ ಹೂಂ. ರೋಬೋಟ್. ಫೈಟ್ ಮಾಡುವ ರೋಬೋಟ್."

ಡಿಪ್ಲೊಮಾ ಎರಡನೇ ವರ್ಷದ ಪ್ರಣೀತಾಳಿಗೆ ಹತ್ತೊಂಬತ್ತು ವರ್ಷ. ಏಳು ವಾರದ ನಂತರ ನವಿ ಮುಂಬಯಿಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ರೋಬೋಗಳ ಕಾಳಗ ಇತ್ತು. ಪಾರದರ್ಶಕ ಗೋಡೆಯ ಕಟಕಟೆಯೊಳಗೆ ಎರಡು ಯಂತ್ರ ಬಿಡುವುದು, ಹೊರಗೆ ನಿಂತು ರಿಮೋಟಿನಲ್ಲಿ ಓಡಿಸುವುದು, ಮೂರು ನಿಮಿಷದೊಳಗೆ ಯಾವುದು ಅಲುಗಾಡದೆ ಬಿದ್ದುಬಿಡುತ್ತದೋ ಅದು ಸೋತಂತೆ. ತೂಕ ಒಂದೂವರೆ ಕಿಲೋ ಮೀರಬಾರದು. ಗೆಲ್ಲಬೇಕೆಂದೂ ಇರಲಿಲ್ಲ. ಒಂದು ಸುತ್ತು ಆಡಿದರೆ ಸಾಕು, ಯಂತ್ರ ಕಟ್ಟಿದವರನ್ನು ರಬಾಳೆಯ ಒಂದು ಕಾರ್ಖಾನೆ ಬೇಸಿಗೆ ತರಬೇತಿಗೆ ಕರೆಯುತ್ತಿತ್ತು. ಪ್ರಣೀತಾಳ ಕಣ್ಣು ಇದ್ದದ್ದು ಅದರ ಮೇಲೆ.

ಅವಳ ಕ್ಲಾಸಿನ ನಾಲ್ಕು ಹುಡುಗರು ಮೂವತ್ತೈದು ಸಾವಿರ ಕೊಟ್ಟು ತಯಾರು ಯಂತ್ರವನ್ನೇ ಕೊಂಡಿದ್ದರು. ತನ್ನನ್ನೂ ಸೇರಿಸಿಕೊಳ್ಳಿ ಎಂದದ್ದಕ್ಕೆ, ನೀನು ಪೋಸ್ಟರ್ ಮಾಡು, ನಿನ್ನ ಕಲರ್ ಸೆನ್ಸ್ ಚೆನ್ನಾಗಿದೆ ಎಂದಿದ್ದರು. ಮೆಕ್ಯಾನಿಕಲ್ ಓದುವ ಹುಡುಗಿಗೆ ಬಣ್ಣ ಬಳಿಯುವ ಕೆಲಸ. ಅವಳಿಗೆ ಮೈ ಉರಿಯಿತು. ಉರಿಯದಿದ್ದರೆ ಆಶ್ಚರ್ಯ.

ತಾನೇ ಕಟ್ಟುವುದೆಂದು ಹೊರಟಳೇನೋ ಸರಿ, ಆದರೆ ಫಾರ್ಮಿನಲ್ಲಿ ಎರಡು ಹೆಸರು ಬೇಕಿತ್ತು. ಎರಡನೆಯವರು ವಿದ್ಯಾರ್ಥಿಯೇ ಆಗಬೇಕೆಂದಿರಲಿಲ್ಲ, ಯಾರಾದರೂ ಆದೀತು. ಅವಳು ಮೊದಲು ಕೇಳಿದ್ದು ಅಪ್ಪನನ್ನೇ.

ಶೇಖರ ಸಾರಿನಲ್ಲಿ ಅನ್ನ ಕಲಸುತ್ತ ಹೇಳಿದ, "ಆದಿತ್ಯವಾರ ಹೋಟೆಲಿನಲ್ಲಿ ರಶ್ ಮಗಾ. ರಜೆ ಸಿಗ್ಲಿಕ್ಕಿಲ್ಲ. ಮತ್ತೆ ಅದರಲ್ಲಿ ನನಗೆ ಎಂತ ಗೊತ್ತುಂಟು?"

ಶೇಖರ ಠಾಣೆಯ ನೌಪಾಡಾದ ಒಂದು ಉಡುಪಿ ಹೋಟೆಲಿನಲ್ಲಿ ಕ್ಯಾಪ್ಟನ್. ಗಿರಾಕಿಯಿಂದ ಆರ್ಡರ್ ತೆಗೆದುಕೊಳ್ಳುವವನು, ಸಾಂಬಾರು ತಣ್ಣಗಿದ್ದರೆ ಬೈಸಿಕೊಳ್ಳುವವನು. ಹೋಟೆಲಿನ ಸೇಟ್ ಬೇರೆ ಯಾರೂ ಅಲ್ಲ, ಪ್ರಫುಲ್ಲಾಳ ಅಣ್ಣ ಲತೀಶ. ಮನೆಯಲ್ಲಿ ಭಾವ, ಹೋಟೆಲಿನಲ್ಲಿ ಸೇಟ್. ಇಪ್ಪತ್ತೈದು ವರ್ಷದ ಹಿಂದೆ ಊರಿನಿಂದ ಬಂದ ಲತೀಶನನ್ನು ಆಗಿನ ಯಜಮಾನರ ಕೈಕಾಲು ಹಿಡಿದು ನೇರ ಕೌಂಟರಿನಲ್ಲಿ ಕೂರಿಸಿದವನು ಶೇಖರ. ಆಮೇಲೆ ಲತೀಶನಿಗೆ ಹಣವಂತ ಮಾವ ಸಿಕ್ಕಿದ, ಹೋಟೆಲು ಅವನದಾಯಿತು, ಕಾಮೋಠೆಯಲ್ಲಿ ಮೂರು ಬೆಡ್‌ರೂಮಿನ ಮನೆಯಾಯಿತು. ಆ ಮೂರರಲ್ಲಿ ಒಂದರಲ್ಲೂ ತಾಯಿಗೆ ಜಾಗ ಆಗಲಿಲ್ಲ. ಪುಷ್ಪಾವತಿ ಎಂಟು ವರ್ಷದಿಂದ ಮಗಳ ಮನೆಯ ಹಾಲಿನಲ್ಲಿ ಮಲಗುತ್ತಿದ್ದಾಳೆ.

ಲತೀಶ ತಿಂಗಳಿಗೆ ಎರಡು ಬುಧವಾರ, ಶೇಖರನ ವಾರದ ರಜೆಯ ದಿನ ನೋಡಿ, ಒಂದು ಡಬ್ಬ ಪೇಡೆ ಹಿಡಿದುಕೊಂಡು ತಾಯಿಯನ್ನು ನೋಡಲು ಬರುತ್ತಾನೆ, ಬಂಗುಡೆ ಮೀನಿನ ಹುಳಿಖಾರದ ಪುಳಿಮುಂಚಿ ತಿಂದು ಹೋಗುತ್ತಾನೆ. ಆ ಸಲವೂ ಬಂದ. ಊಟದ ನಡುವೆ ರೋಬೋಟಿನ ಸುದ್ದಿ ಬಂತು.

"ಇದಕ್ಕೆಲ್ಲ ಎಷ್ಟು ಖರ್ಚು?" ಎಂದು ಲತೀಶ ಕೇಳಿದ.

"ಹತ್ತು ಸಾವಿರದ ಒಳಗೆ ಮಾಡ್ತೇನೆ ಮಾಮ. ಐದು ನನ್ನ ಹತ್ರ ಉಂಟು, ಟ್ಯೂಶನ್ ಹೇಳಿದ್ದು."

"ಉಳಿದ ಐದು ನಾನು ಕೊಡ್ತೇನೆ, ಎಂಟ್ರಿ ಫೀಸೂ ನಾನೇ ಕಟ್ತೇನೆ. ಎರಡನೇ ಹೆಸರು ನನ್ನ ಹುಡುಗ ಪೃಥ್ವಿಯದ್ದು ಹಾಕುವ. ಫಾರ್ಮು ಗೀರ್ಮು ಎಲ್ಲ ಅವನೇ ತುಂಬಿಸ್ತಾನೆ. ಸರಿಯಾ?"

ಬೇಡ ಎನ್ನುವವರು ಯಾರು? ಸೋದರಮಾವ ಬಾಯಿಬಿಟ್ಟು ಹೇಳಿದ್ದನ್ನು ಆ ಮನೆಯಲ್ಲಿ ಬೇಡ ಎಂದ ಚರಿತ್ರೆಯೇ ಇಲ್ಲ. ಪುಷ್ಪಾವತಿ ಸೆರಗಿನಲ್ಲಿ ಕಣ್ಣು ಒರೆಸಿಕೊಂಡು, "ನನ್ನ ಮಗನ ಕೈ ದೊಡ್ಡದು" ಎಂದಳು. ಐದು ಸಾವಿರದ ಆ ಹೊಗಳಿಕೆ ವಾರವಿಡೀ ನಡೆಯಿತು. ಎಂಟು ವರ್ಷದಿಂದ ಅವಳ ಬಿಪಿ ಮಾತ್ರೆ ತಪ್ಪದೆ ತರುತ್ತಿದ್ದ ಅಳಿಯನ ಕೈಯ ಅಳತೆಯನ್ನು ಯಾರೂ ತೆಗೆದಿರಲಿಲ್ಲ.

ಮುಂದಿನ ನಾಲ್ಕು ವಾರ ಆ ಮನೆ ಮನೆಯಾಗಿ ಉಳಿಯಲಿಲ್ಲ. ಪ್ರಫುಲ್ಲಾ ಅಕ್ಕಪಕ್ಕದ ಬಿಲ್ಡಿಂಗುಗಳಿಗೆ ದೋಸೆಹಿಟ್ಟು ಮಾರುತ್ತಿದ್ದಳು. ಹಿಟ್ಟಿನ ಪ್ಯಾಕೆಟ್ ತೂಗುವ ತಕ್ಕಡಿಯ ಮೇಲೆ ಈಗ ಸ್ಕ್ರೂ, ಬ್ಯಾಟರಿ, ಮೋಟರು ಕೂರತೊಡಗಿದವು. ಕಲ್ಯಾಣದ ಗುಜರಿಯಲ್ಲಿ ಎರಡು ಗೇರ್ ಮೋಟರು ಸಿಕ್ಕಿದವು. ಬ್ಲೇಡು ತಿರುಗಿಸುವ ಮೋಟರು ಒಂದು ಮುರಿದ ಡ್ರೋನಿನದು. ರಿಮೋಟು ಸೀನಿಯರ್ ಒಬ್ಬಳು ಅರ್ಧ ಬೆಲೆಗೆ ಕೊಟ್ಟದ್ದು. ಚಕ್ರಕ್ಕೆ ಏನು ಮಾಡುವುದು ಎಂದು ಎರಡು ದಿನ ತಲೆ ಕೆಡಿಸಿಕೊಂಡಳು. ಮೂರನೇ ದಿನ ಶೇಖರ ಸ್ನಾನ ಮುಗಿಸಿ ಬಂದು ನೋಡಿದರೆ ಹವಾಯಿ ಚಪ್ಪಲಿ ಇಲ್ಲ.

"ಪಪ್ಪಾ, ಸಾರಿ. ರಬ್ಬರ್ ಏಕ್ದಮ್ ಪರ್ಫೆಕ್ಟ್ ಥಾ."

"ಎರಡೂ ಕಾಲಿನದ್ದಾ?"

"ನಾಲ್ಕು ಚಕ್ರ ಅಲ್ವಾ."

ಶೇಖರ ನಕ್ಕುಬಿಟ್ಟ. ಪ್ರಫುಲ್ಲಾಳಿಗೆ ನಗು ಬರಲಿಲ್ಲ. ಹಲಗೆ ಹೋದಂದಿನಿಂದ ಅವಳು ಊರಿನಿಂದ ತಂದ ಮೆಟ್ಟುಕತ್ತಿಯ, ಎಂದರೆ ಈಳಿಗೆಮಣೆಯ ಮೇಲೆ ಕುಕ್ಕರಗಾಲಿನಲ್ಲಿ ಕೂತು ನೀರುಳ್ಳಿ ಕೊಯ್ಯುತ್ತಿದ್ದಳು, ಮಂಡಿ ಹಿಡಿಯುತ್ತಿತ್ತು.

"ನಿಮಗೆ ನಗೆ. ನನ್ನ ಕಾಲು ಯಾರು ಕಟ್ಟಿಕೊಡುದು? ಇವಳ ಯಂತ್ರಕ್ಕೆ ಮೆಟ್ಟುಕತ್ತಿ ಅಂತಲೇ ಹೆಸರಿಡಿ."

ಪ್ರಣೀತಾ ಅದನ್ನೇ ಇಟ್ಟಳು. ಮಾರ್ಕರಿನಲ್ಲಿ ಬಿಳಿ ಪ್ಲಾಸ್ಟಿಕಿನ ಮೇಲೆ ಕನ್ನಡದಲ್ಲಿ ಬರೆಯಹೊರಟು, 'ಟ್ಟು' ಹೇಗೆ ಎಂದು ತಾಯಿಯನ್ನು ಕೇಳಿದಳು. ಪ್ರಫುಲ್ಲಾ ಹಿಟ್ಟಿನ ಕೈ ತೊಳೆದು ಬಂದು ಬರೆದುಕೊಟ್ಟಳು. ಅಂದಿನಿಂದ ತಕ್ಕಡಿಯ ಬಗ್ಗೆ ಅವಳು ಗೊಣಗಲಿಲ್ಲ.

ಬ್ಲೇಡಿಗೆ ಗಟ್ಟಿ ಉಕ್ಕು ಬೇಕಿತ್ತು. ಡೊಂಬಿವಲಿಯ ಕಾರ್ಖಾನೆಗಳ ಓಣಿಯಲ್ಲಿ ರೇವಣಸಿದ್ದ ಎಂಬ ಕಲಬುರ್ಗಿ ಕಡೆಯ ಟರ್ನರ್ ಇದ್ದ. ಅವಳು ಕೊಟ್ಟ ಚಿತ್ರ ನೋಡಿ ಹುಬ್ಬೇರಿಸಿದ.

"ಯಾರ್ನ ಕಡ್ಯಾಕ ಹೊಂಟೀದಿ ತಂಗಿ?"

"ಭಯ್ಯಾ, ರೋಬೋಟ್ ಹೈ."

"ಕನ್ನಡ ಬರ್ತದಲ್ಲ, ಕನ್ನಡದಾಗ ಹೇಳ. ಇದು ಟೆಂಪೋದ ಕಮಾನು ಪಟ್ಟಿ, ಹಂಗ ಮುರಿಯೂದಿಲ್ಲ. ಖರೆ, ನಾ ಮಾಡಿ ಕೊಟ್ರ ಅದು ನಂದಾಗ್ತದ. ನೀ ಗ್ರೈಂಡ್ ಮಾಡ, ನಾ ನಿಂತ ನೋಡ್ತೇನಿ."

ನಾಲ್ಕು ಸಂಜೆ ಅವಳು ಅಲ್ಲಿ ನಿಂತು ಉಕ್ಕು ಉಜ್ಜಿದಳು. ಅಂಗೈಯಲ್ಲಿ ಬೊಕ್ಕೆ ಎದ್ದವು. ಪ್ರಫುಲ್ಲಾ ಬೈಯುತ್ತಲೇ ಕೊಬ್ಬರಿ ಎಣ್ಣೆ ಹಚ್ಚಿದಳು.

ಈ ನಾಲ್ಕು ವಾರದಲ್ಲಿ ಪೃಥ್ವಿರಾಜ್ ಬಂದದ್ದು ಒಂದೇ ದಿನ. ಲತೀಶನ ಒಬ್ಬನೇ ಮಗ, ಇಪ್ಪತ್ತೊಂದು ವರ್ಷ, ಕೆಟ್ಟವನಲ್ಲ, ಕಷ್ಟ ಗೊತ್ತಿಲ್ಲದವನು. ಅಜ್ಜಿ ಅವನಿಗೆ ಮೀನು ಹುರಿದು ತಿನ್ನಿಸಿದಳು. ತಿಂದು ಕೈ ಒರೆಸಿಕೊಂಡು, "ದಿಖಾ ನಾ" ಎಂದು ರಿಮೋಟು ತೆಗೆದುಕೊಂಡ. ಯಂತ್ರ ಸೀದಾ ಹೋಗಿ ಗ್ರೈಂಡರಿಗೆ ಗುದ್ದಿತು, ಒಂದು ಚಕ್ರ ಕಿತ್ತುಬಂತು. ಅವನು ಸಾರಿ ಹೇಳಿದ, ಎರಡು ವಿಡಿಯೋ ಮಾಡಿಕೊಂಡ, ಆರು ಗಂಟೆಗೆ ಹೋದ. ಆ ಚಕ್ರ ಕೂರಿಸಲು ಪ್ರಣೀತಾಳಿಗೆ ಎರಡು ದಿನ ಹಿಡಿಯಿತು. ಅಷ್ಟರಲ್ಲಿ ವಿಡಿಯೋ ಸಂಬಂಧಿಕರ ಗ್ರೂಪಿನಲ್ಲಿ ಬಂದಿತ್ತು, ಕೆಳಗೆ ಇಂಗ್ಲಿಷಿನಲ್ಲಿ 'ಮೈ ಬಾಟ್', ನನ್ನ ರೋಬೋಟ್, ಎಂದು. ಮಂಗಳೂರಿನಿಂದ ದುಬೈವರೆಗೆ ಎಲ್ಲರೂ ಹೆಬ್ಬೆರಳು ಎತ್ತಿದ್ದರು.

"ಮೈ ಅಂತೆ. ಸ್ಕ್ರೂಡ್ರೈವರ್ ಮುಟ್ಟಿ ಕೂಡ ನೋಡಲಿಲ್ಲ ಅವನು," ಎಂದಳು ಪ್ರಣೀತಾ.

"ಮಕ್ಕಳು ಅಲ್ವಾ, ಬಿಡು," ಎಂದ ಶೇಖರ. ಬಿಡು ಎನ್ನುವುದು ಅವನಿಗೆ ಅಭ್ಯಾಸವಾಗಿತ್ತು.

ಆರನೇ ವಾರ ಲತೀಶ ಪೇಡೆಯ ಜೊತೆಗೆ ಒಂದು ಫಲಕವನ್ನೂ ತಂದ. ಕೆಂಪು ಆಕ್ರಿಲಿಕ್ಕಿನ ಮೇಲೆ ಚಿನ್ನದ ಬಣ್ಣದಲ್ಲಿ ಹೋಟೆಲಿನ ಹೆಸರು, ಅದರಡಿ ಹಸಿರಿನಲ್ಲಿ 'ಪ್ಯೂರ್ ವೆಜ್'. ಕಡಿದಾಡುವ ಯಂತ್ರದ ನೆತ್ತಿಯ ಮೇಲೆ ಪ್ಯೂರ್ ವೆಜ್.

"ಮಾಮ, ನಲವತ್ತು ಗ್ರಾಂ ಉಂಟು ಇದು. ನನ್ನ ಹತ್ರ ಎಂಟು ಗ್ರಾಂ ಮಾತ್ರ ಬಾಕಿ ಇರುದು."

"ಬೇರೆ ಎಲ್ಲಿಯಾದರೂ ಕಡಿಮೆ ಮಾಡು. ಹಣ ಹಾಕಿದವನ ಹೆಸರು ಕಾಣಬೇಡವಾ?"

"ಬಾಡಿಯಲ್ಲಿ ತೂತು ಕೊರೆಯಬೇಕಾಗ್ತದೆ. ವೀಕ್ ಆಗ್ತದೆ."

"ಆ ಬಾಡಿ ಕೂಡ ನನ್ನ ಹೋಟೆಲಿನ ಬೋರ್ಡೇ ಅಲ್ವಾ ಮಗಾ," ಎಂದು ಲತೀಶ ನಗುತ್ತಲೇ ಹೇಳಿದ.

ಪ್ರಣೀತಾ ತಂದೆಯ ಮುಖ ನೋಡಿದಳು. ಶೇಖರ ಮೀನಿನ ಮುಳ್ಳು ಬಿಡಿಸುತ್ತಿದ್ದ. ಪ್ರಫುಲ್ಲಾ ಬಡಿಸುವ ಸೌಟನ್ನು ಪಾತ್ರೆಯಲ್ಲಿ ಜೋರಾಗಿಯೇ ಇಟ್ಟಳು. ಮರುದಿನ ಹುಡುಗಿ ಗಟ್ಟಿಮುಟ್ಟಾದ ಹಲಗೆಯಲ್ಲಿ ಹದಿನೆಂಟು ತೂತು ಕೊರೆದು ಮಾವನ ಹೆಸರಿಗೆ ಜಾಗ ಮಾಡಿದಳು.

ಸ್ಪರ್ಧೆಯ ಹಿಂದಿನ ದಿನ, ಶನಿವಾರ ಮಧ್ಯಾಹ್ನ, ಪೃಥ್ವಿರಾಜ್ ಪ್ರವೇಶ ಪತ್ರವನ್ನು ಗ್ರೂಪಿಗೆ ಹಾಕಿದ. ಊಟದ ರಶ್ ಮುಗಿದು ಶೇಖರ ಕೌಂಟರಿನ ಪಕ್ಕ ಮೊಬೈಲ್ ತೆರೆದಿದ್ದ. ಇಂಗ್ಲಿಷಿನ ನಾಲ್ಕು ಸಾಲು. ಕ್ಯಾಪ್ಟನ್: ಪೃಥ್ವಿರಾಜ್. ಬಿಲ್ಡರ್: ಪೃಥ್ವಿರಾಜ್. ಡ್ರೈವರ್: ಪೃಥ್ವಿರಾಜ್. ಹೆಲ್ಪರ್: ಪ್ರಣೀತಾ.

ಬೇರೆ ಯಾರೇ ಆಗಿದ್ದರೂ ಆ ಶಬ್ದವನ್ನು ಓದಿ ಮುಂದೆ ಹೋಗುತ್ತಿದ್ದರು. ಹೋಟೆಲಿನವನು ಹೋಗಲಾರ. ಹೋಟೆಲಿನಲ್ಲಿ ಹೆಲ್ಪರ್ ಎಂದರೆ ಸಹಾಯ ಮಾಡುವವನಲ್ಲ. ಮೂಟೆಗಟ್ಟಲೆ ನೀರುಳ್ಳಿ ಸುಲಿಯುವವನು, ಮೋರಿ ಬಳಿಯುವವನು, ಎಲ್ಲರ ಊಟವಾದ ಮೇಲೆ ಉಳಿದದ್ದು ಉಣ್ಣುವವನು. ಶೇಖರ ಹದಿಮೂರನೇ ವಯಸ್ಸಿಗೆ ಠಾಣೆಗೆ ಬಂದು ಐದು ವರ್ಷ ಹೆಲ್ಪರ್ ಆಗಿದ್ದ. ಆ ಐದು ವರ್ಷ ಅವನನ್ನು ಯಾರೂ ಹೆಸರು ಹಿಡಿದು ಕರೆದದ್ದಿಲ್ಲ.

ಅವನು ಎದ್ದು ಒಳಗಿನ ಕ್ಯಾಬಿನಿಗೆ ಹೋದ.

"ಸೇಟ್, ಇದರಲ್ಲಿ ತಪ್ಪಾಗಿದೆ. ಕಟ್ಟಿದ್ದು ಪ್ರಣೀತಾ."

ಲತೀಶ ಕನ್ನಡಕ ಸರಿಸಿದ. "ತಪ್ಪಲ್ಲ. ಪೃಥ್ವಿಗೆ ಫಾರಿನ್ ಅಡ್ಮಿಶನ್ ಉಂಟಲ್ಲ, ಅದಕ್ಕೆ ಈ ಸರ್ಟಿಫಿಕೇಟ್ ಬೇಕು. ನಿಮ್ಮ ಹುಡುಗಿಗೆ ಎಂತಕ್ಕೆ? ಎರಡು ವರ್ಷ ಹೋದರೆ ಮದುವೆ. ಆಗ ನಾನೇ ಮುಂದೆ ನಿಲ್ಲಬೇಕು."

"ಅವಳಿಗೆ ರಬಾಳೆಯಲ್ಲಿ ಟ್ರೇನಿಂಗ್ ಸಿಗುದು ಬಿಲ್ಡರ್ ಅಂತ ಇದ್ದರೆ ಮಾತ್ರ."

"ಹೆಸರು ಹಾಕಿದ್ದೇವಲ್ಲ. ಹೆಲ್ಪರ್ ಅಂತ ಇದೆ. ಒಂದು ಶಬ್ದಕ್ಕೆ ಇಷ್ಟು ಮಾತಾ?"

"ನೀವು ಹೆಲ್ಪರ್ ಆಗಿದ್ದವರಲ್ಲ ಸೇಟ್," ಎಂದ ಶೇಖರ. "ನಾಳೆ ನನಗೆ ರಜೆ."

"ಆದಿತ್ಯವಾರ ರಜೆಯಾ?"

ಶೇಖರ ಆಗಲೇ ಕ್ಯಾಬಿನಿನ ಬಾಗಿಲು ದಾಟಿದ್ದ.

ಸಂಜೆ ಮನೆಯಲ್ಲಿ ಗಂಜಿ ಆರುತ್ತಿತ್ತು, ಯಾರೂ ಮುಟ್ಟಲಿಲ್ಲ. ಪ್ರಣೀತಾ ಅಳುತ್ತಿರಲಿಲ್ಲ. ಅತ್ತಿದ್ದರೆ ಪ್ರಫುಲ್ಲಾಳಿಗೆ ಸಮಾಧಾನವಾಗುತ್ತಿತ್ತು. ಪ್ರಫುಲ್ಲಾ ಅಣ್ಣನಿಗೆ ಫೋನ್ ಹಚ್ಚಿದಳು.

"ಅಣ್ಣ, ಪ್ರಣೀತಾಳ ಹೆಸರು ಬಿಲ್ಡರಿನಲ್ಲಿ ಹಾಕಿಸು."

"ನೀನು ಇದರಲ್ಲಿ ಬರಬೇಡ ಪ್ರಫುಲ್ಲಾ."

"ನಾನೇ ಬರ್ತೇನೆ. ನಿನಗೆ ಎರಡು ವಾರಕ್ಕೊಮ್ಮೆ ಪುಳಿಮುಂಚಿ ಮಾಡಿ ಬಡಿಸಿದ್ದು ನಾನು. ನನ್ನ ಮಗಳು ನಿನ್ನ ಮಗನ ಹೆಲ್ಪರ್ ಅಲ್ಲ. ನಿನ್ನ ಐದು ಸಾವಿರ ಹಿಟ್ಟು ಮಾರಿ ಕೊಡ್ತೇನೆ."

ಆ ಕಡೆಯಿಂದ ಫೋನ್ ಕಟ್ಟಾಯಿತು. ಪುಷ್ಪಾವತಿ ಮಂಚದ ಮೇಲಿಂದ ಎದ್ದು ಕೂತಳು. "ಕೊಟ್ಟವನಿಗೆ ಅಷ್ಟು ಹಕ್ಕಿಲ್ಲವಾ? ಗಂಡನ ಕೆಲಸ ಇರುದು ಅವನ ಹತ್ರ ಅಂತ ನೆನಪುಂಟಾ ನಿನಗೆ?"

"ನೆನಪುಂಟು ಅಮ್ಮ. ಇಷ್ಟು ವರ್ಷ ಅದನ್ನೇ ನೆನಪಿಟ್ಟುಕೊಂಡು ಬಾಯಿ ಮುಚ್ಚಿದ್ದು."

ಮುದುಕಿ ಗೋಡೆ ಕಡೆ ತಿರುಗಿ ಮಲಗಿದಳು. ಮಗನ ಪರ ಬಿಟ್ಟು ಬೇರೆ ಕಡೆ ನಿಲ್ಲುವುದನ್ನು ಆ ಜೀವಕ್ಕೆ ಯಾರೂ ಕಲಿಸಿರಲಿಲ್ಲ.

"ನಾಳೆ ಹೋಗುದಾ, ಬೇಡವಾ?" ಎಂದು ಪ್ರಣೀತಾ ಕೇಳಿದಳು.

"ಹೋಗುವ," ಎಂದ ಶೇಖರ. "ನಾನು ಬರ್ತೇನೆ."

ಬೆಳಿಗ್ಗೆ ಹಿಟ್ಟಿನ ಬಕೆಟ್ಟಿನಲ್ಲಿ ಟವೆಲ್ ಸುತ್ತಿ ಯಂತ್ರ ಇಟ್ಟುಕೊಂಡು ಅಪ್ಪ ಮಗಳು ಲೋಕಲ್ ಹಿಡಿದರು. ಠಾಣೆಯಲ್ಲಿ ಇಳಿದು ಬೇರೆ ಗಾಡಿ ಹತ್ತಿ ಕಾಲೇಜು ಮುಟ್ಟುವಾಗ ಲತೀಶನ ಕಾರು ಆಗಲೇ ಬಂದಿತ್ತು. ಪೃಥ್ವಿರಾಜ್ ಹೋಟೆಲಿನ ಹೆಸರಿದ್ದ ಹೊಸ ಟೀ ಶರ್ಟ್ ಹಾಕಿಕೊಂಡು ತಪಾಸಣೆಯ ಸಾಲಿನಲ್ಲಿ ನಿಂತಿದ್ದ. ಪ್ರಣೀತಾ ಯಂತ್ರ ತೆಗೆದು ಮೇಜಿನ ಮೇಲಿಟ್ಟಳು, ಒಂದು ಹೆಜ್ಜೆ ಹಿಂದೆ ನಿಂತಳು. ತೂಕ ಸರಿ ಬಂತು.

ತಪಾಸಣೆ ಮಾಡುವ ಹುಡುಗ ಪತ್ರ ನೋಡಿ ಪೃಥ್ವಿರಾಜನ ಕಡೆ ತಿರುಗಿದ. "ಬಿಲ್ಡರ್ ಆಪ್ ಹೋ? ರಿಮೋಟ್ ಬಂದ್ ಕಿಯಾ ತೋ ಬ್ಲೇಡ್ ಕಿತನೇ ಸೆಕೆಂಡ್ ಮೇ ರುಕೇಗಾ?"

ಪೃಥ್ವಿರಾಜ್ ನಕ್ಕ. "ರುಕ್ ಜಾತಾ ಹೈ."

"ಕಿತನೇ ಸೆಕೆಂಡ್? ಔರ್ ಮೇನ್ ಸ್ವಿಚ್ ಕಹಾಂ ಹೈ? ಖೋಲ್ ಕೇ ದಿಖಾವೋ."

ಅವನು ಯಂತ್ರವನ್ನು ಮಗುಚಿ ನೋಡಿದ, ಪಕ್ಕಕ್ಕೆ ತಿರುಗಿಸಿ ನೋಡಿದ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. "ಪ್ರಣೀ, ಬತಾ ನಾ," ಎಂದ ಮೆಲ್ಲಗೆ.

ಪ್ರಣೀತಾಳಿಗೆ ಎಲ್ಲ ಉತ್ತರವೂ ಗೊತ್ತಿತ್ತು. ರಿಮೋಟು ಬಂದ್ ಮಾಡಿದರೆ ಬ್ಲೇಡು ನಿಲ್ಲಲು ನಾಲ್ಕು ಸೆಕೆಂಡು. ಸ್ವಿಚ್ಚು ಎಡಗಡೆಯ ಮೂರನೇ ತೂತಿನೊಳಗೆ. ಹೇಳಿಬಿಟ್ಟರೆ ಯಂತ್ರ ಪಾಸಾಗುತ್ತದೆ, ಪೃಥ್ವಿರಾಜ್ ಬಿಲ್ಡರ್ ಆಗುತ್ತಾನೆ. ಹೇಳದಿದ್ದರೆ ಏಳು ವಾರದ ಕೆಲಸ ಮೇಜಿನ ಮೇಲೆಯೇ ಸಾಯುತ್ತದೆ.

"ಮೈ ಹೆಲ್ಪರ್ ಹೂಂ ಸರ್," ಎಂದಳು. "ಹೆಲ್ಪರ್ ಕೋ ಮಾಲೂಮ್ ನಹೀ ರಹತಾ." ಹೆಲ್ಪರಿಗೆ ಇದೆಲ್ಲ ಗೊತ್ತಿರುವುದಿಲ್ಲವಂತೆ.

ಲತೀಶ ಜನರನ್ನು ತಳ್ಳಿಕೊಂಡು ಮುಂದೆ ಬಂದ. "ಎಂತ ನಾಟಕ ಇದು? ಹೇಳು ಅವರಿಗೆ. ಭಾವ, ನಿಮ್ಮ ಮಗಳಿಗೆ ಹೇಳಿ."

ಶೇಖರ ಅಲುಗಲಿಲ್ಲ. ಸ್ವರವನ್ನೂ ಏರಿಸಲಿಲ್ಲ, ಅಭ್ಯಾಸವಿರಲಿಲ್ಲ. "ಗಿರಾಕಿ ಕೇಳಿದ್ದಕ್ಕೆ ಕ್ಯಾಪ್ಟನ್ ಉತ್ತರ ಕೊಡುದು ಭಾವ. ಹೆಲ್ಪರನ್ನು ಟೇಬಲಿಗೆ ಕರೆಯುವ ಪದ್ಧತಿ ನಮ್ಮ ಹೋಟೆಲಿನಲ್ಲಿ ಇಲ್ಲ."

"ನಾಳೆಯಿಂದ ಹೋಟೆಲಿಗೆ ಬರುವ ಅಗತ್ಯ ಇಲ್ಲ ನಿಮಗೆ."

"ಸರಿ."

ಮೂವತ್ತೆಂಟು ವರ್ಷದ ಚಾಕರಿ ಆ ಒಂದು ಶಬ್ದದಲ್ಲಿ ಮುಗಿಯಿತು. ತಪಾಸಣೆಯ ಹುಡುಗನಿಗೆ ಕನ್ನಡ ಅರ್ಥವಾಗದಿದ್ದರೂ ಜಗಳ ಅರ್ಥವಾಗಿತ್ತು. ಹೆಸರು ಬದಲಿಸುವುದಿದ್ದರೆ ಕ್ಯಾಪ್ಟನ್ ಸಹಿ ಬೇಕು, ಐದು ನಿಮಿಷ ಇದೆ, ಇಲ್ಲದಿದ್ದರೆ ಟೀಮು ಔಟ್ ಎಂದು ಗಡಿಯಾರ ನೋಡಿದ.

ಪೃಥ್ವಿರಾಜ್ ಮೇಜಿನ ಮೇಲಿದ್ದ ಪೆನ್ನು ಎತ್ತಿಕೊಂಡ. ಮೂರೂ ಕಡೆ ತನ್ನ ಹೆಸರಿನ ಮೇಲೆ ಗೀಟು ಎಳೆದ.

"ಏ ಪೃಥ್ವಿ," ಎಂದ ಲತೀಶ.

"ಮುಝೇ ನಹೀ ಆತಾ ಪಪ್ಪಾ. ಕಿತನೀ ಬಾರ್ ಬೋಲಾ ಆಪ್ಕೋ." ತನಗೆ ಇದು ಬರುವುದಿಲ್ಲವೆಂದು ಎಷ್ಟೋ ಸಲ ಹೇಳಿದ್ದವನು ಸಹಿ ಮಾಡಿದ, ಟೀ ಶರ್ಟಿನ ಮೇಲಿನ ಹೆಸರನ್ನು ಕೈಯಿಂದ ಮುಚ್ಚಿಕೊಂಡು ಹೊರಗೆ ನಡೆದ. ಲತೀಶ ಅವನ ಹಿಂದೆ ಹೋದ. ತಂಗಿಯ ಗಂಡನ ಕಡೆ ತಿರುಗಿ ಕೂಡ ನೋಡಲಿಲ್ಲ.

ಪ್ರಣೀತಾ ಮುಂದೆ ಬಂದಳು. ನಾಲ್ಕು ಸೆಕೆಂಡು ಎಂದಳು, ಸ್ವಿಚ್ಚು ತೋರಿಸಿದಳು, ಬ್ಲೇಡಿನ ಬೀಗ ಹಾಕಿ ತೆಗೆದಳು, ಕೆಂಪು ಫಲಕದ ಎರಡು ಸ್ಕ್ರೂ ಬಿಚ್ಚಿ ಪಕ್ಕಕ್ಕಿಟ್ಟಳು. ತಪಾಸಣೆಯ ಹುಡುಗ ತಲೆಯಾಡಿಸುತ್ತ ಬರೆದುಕೊಂಡ. ಕ್ಯಾಪ್ಟನ್, ಬಿಲ್ಡರ್, ಡ್ರೈವರ್, ಮೂರಕ್ಕೂ ಪ್ರಣೀತಾ. ಆಮೇಲೆ ಪೆನ್ನು ನಿಲ್ಲಿಸಿದ.

"ದೋ ನಾಮ್ ಚಾಹಿಯೇ. ಹೆಲ್ಪರ್ ಕೌನ್?"

ಪ್ರಣೀತಾ ಸುತ್ತ ನೋಡಿದಳು. ಪರಿಚಯದ ಮುಖ ಎಂದರೆ ಕ್ಲಾಸಿನ ಆ ನಾಲ್ಕು ಹುಡುಗರದ್ದು, ಅವರು ಮೊಬೈಲ್ ನೋಡತೊಡಗಿದರು.

"ಲಿಖೋ," ಎಂದ ಶೇಖರ. "ಶೇಖರ."

ಹುಡುಗ ಅವನ ನರೆತ ತಲೆ, ಇಸ್ತ್ರಿ ಮಾಡಿದ ಬಿಳಿ ಅಂಗಿ ನೋಡಿದ. "ಅಂಕಲ್, ಹೆಲ್ಪರ್ ಕಾ ಕಾಮ್ ಮಾಲೂಮ್ ಹೈ ನಾ?"

"ತೇರಹ್ ಸಾಲ್ ಕೀ ಉಮರ್ ಸೇ ಮಾಲೂಮ್ ಹೈ," ಎಂದ ಶೇಖರ. ಹದಿಮೂರನೇ ವಯಸ್ಸಿನಿಂದ ಗೊತ್ತಿದ್ದ ಕೆಲಸ. ಅಂಗಿಯ ತೋಳು ಮಡಚಿಕೊಂಡು, ಯಂತ್ರವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಮಗಳ ಹಿಂದೆ ನಡೆದ.